ಅಮೆರಿಕಕ್ಕೆ ಮಿಕ್ಸಿ, ನೆಬ್ಯುಲೈಸರ್ ಒಯ್ಯಬಹುದಾ? ಪ್ಲಗ್ಗು, ವೋಲ್ಟೇಜು ಗೊತ್ತಿರುವವರು ಹೇಳಿ

ಪೊನ್ನಂಪೇಟೆಯಿಂದ

ಎಲ್ಲರಿಗೂ ನಮಸ್ಕಾರ. ರೋಬಸ್ಟಾ ಕೊಯ್ಲು, ಸ್ಪ್ರಿಂಕ್ಲರ್ ಕೆಲಸ ಎಲ್ಲ ಮುಗಿಸಿಕೊಂಡು ಅಪ್ಪ ಅಮ್ಮ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮನೆಗೆ ಹೊರಟಿದ್ದಾರೆ, ಬಾಣಂತನಕ್ಕೆ. ಹೋಗುವಾಗ ಲಂಡನ್ನಿನಲ್ಲಿ ಚಿಕ್ಕಪ್ಪನ ಮಗನ ಮನೆಯಲ್ಲಿ ಒಂದು ವಾರ ಇರುತ್ತಾರೆ. ವೀಸಾ, ಟಿಕೆಟ್ಟು ಆಯ್ತು. ಈಗ ಮನೆಯಲ್ಲಿ ಜಗಳ ನಡೆಯುತ್ತಿರುವುದು ಪ್ಲಗ್ಗಿನ ವಿಷಯಕ್ಕೆ.

ಅಮ್ಮನ ಸೂಟ್‌ಕೇಸಿಗೆ ಈಗಾಗಲೇ 750 ವ್ಯಾಟಿನ ಮಿಕ್ಸಿ ಸೇರಿದೆ, ಜೊತೆಗೆ ಮೊಣಕಾಲಿಗೆ ಇಟ್ಟುಕೊಳ್ಳುವ ಕರೆಂಟಿನ ಹಾಟ್ ವಾಟರ್ ಬ್ಯಾಗು, ಮತ್ತೆ ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಸರ್. ಮಳೆ ಹಿಡಿದರೆ ಅಮ್ಮನಿಗೆ ಉಬ್ಬಸ, ಹಾಗಾಗಿ ನೆಬ್ಯುಲೈಸರ್ ಬಿಟ್ಟು ಹೋಗಲು ಒಪ್ಪುವುದಿಲ್ಲ. ಅಪ್ಪನದು ಫೋನು, ಹಳೇ ಲ್ಯಾಪ್‌ಟಾಪ್, ಟ್ರಿಮ್ಮರ್, ಮತ್ತು ರಾತ್ರಿ ತೋಟಕ್ಕೆ ಆನೆ ಬಂತಾ ಅಂತ ನೋಡಲು ಹಿಡಿದುಕೊಂಡು ಹೋಗುವ ದೊಡ್ಡ ಟಾರ್ಚು. ನ್ಯೂಜೆರ್ಸಿಯಲ್ಲಿ ಯಾವ ಆನೆ ಅಂತ ಕೇಳಿದರೆ ಉತ್ತರ ಇಲ್ಲ.

ಗೋಣಿಕೊಪ್ಪಲಿನ ಒಂದು ಅಂಗಡಿಯಲ್ಲಿ "ಯೂನಿವರ್ಸಲ್ ಅಡಾಪ್ಟರ್ ತಗೊಳ್ಳಿ, ಪ್ರಪಂಚದಲ್ಲಿ ಎಲ್ಲಿ ಬೇಕಾದರೂ ಎಲ್ಲವೂ ನಡೆಯುತ್ತದೆ" ಅಂದರು. ಅಕ್ಕ ಫೋನಿನಲ್ಲಿ "ಇಲ್ಲಿ ಕರೆಂಟೇ ಬೇರೆ, ಏನೂ ಹೊತ್ತು ತರಬೇಡಿ" ಅನ್ನುತ್ತಾಳೆ. ಅಪ್ಪ ಫ್ರಿಜ್ಜಿನ ಹಿಂದಿರುವ ಸ್ಟೆಬಿಲೈಸರ್ ತೋರಿಸಿ, "ಅಲ್ಲಿ ವೋಲ್ಟೇಜು ಕಮ್ಮಿ ಅಂದರೆ ಇದನ್ನೇ ಒಯ್ದರಾಯ್ತು, ಜುಲೈ ತಿಂಗಳಲ್ಲಿ ನಮ್ಮ ಮನೆಗೂ ಅಷ್ಟೇ ಅಲ್ವಾ ಬರುವುದು" ಅನ್ನುತ್ತಾರೆ. ತಮಾಷೆಗಲ್ಲ, ನಿಜವಾಗಿಯೂ ಕೇಳುತ್ತಿದ್ದಾರೆ. ಯಾರು ಸರಿ?

ವೈರಿಂಗ್ ಅಣ್ಣ, ಮಡಿಕೇರಿ

ತಮ್ಮಾ, ಅಕ್ಕ ಹೇಳಿದ್ದು ಮುಕ್ಕಾಲು ಪಾಲು ಸರಿ. ಅಂಗಡಿಯವರದು ಕಾಲು ಪಾಲು.

ಇದರಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. ಪಿನ್ನು ಅಲ್ಲಿನ ಸಾಕೆಟ್ಟಿಗೆ ಹೋಗುತ್ತದಾ ಅನ್ನುವುದು ಒಂದು. ಹೋದ ಮೇಲೆ ಆ ಗೋಡೆಯಿಂದ ಬರುವ ವೋಲ್ಟೇಜಿಗೆ ಸಾಮಾನು ಹೊಂದುತ್ತದಾ ಅನ್ನುವುದು ಇನ್ನೊಂದು. ಅಡಾಪ್ಟರ್ ಮೊದಲನೆಯದನ್ನು ಮಾತ್ರ ಸರಿ ಮಾಡುತ್ತದೆ. ಬಿಚ್ಚಿ ನೋಡಿ ಬೇಕಾದರೆ, ಒಳಗೆ ಲೋಹದ ಪಟ್ಟಿಗಳು ಬಿಟ್ಟರೆ ಏನಿಲ್ಲ. ಕೆಲವದರಲ್ಲಿ ಯುಎಸ್‌ಬಿ ಚಾರ್ಜರ್ ಸೇರಿಸಿರುತ್ತಾರೆ ಅಷ್ಟೇ. 120 ಬಂದರೆ 120ನ್ನೇ ದಾಟಿಸುತ್ತದೆ.

ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್ (ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ). ಇಂಗ್ಲೆಂಡಿನಲ್ಲೂ ಅದೇ. ಹಾಗಾಗಿ ಲಂಡನ್ನಿನ ಒಂದು ವಾರಕ್ಕೆ ಪಿನ್ನಿನ ತೊಂದರೆ ಮಾತ್ರ. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ಅಲ್ಲಿ ಪಿನ್ನೂ ಬೇರೆ, ವೋಲ್ಟೇಜೂ ಬೇರೆ.

ಈಗ ಒಂದೊಂದೇ ಸಾಮಾನು ತಿರುಗಿಸಿ ಅದರ ಹಿಂದೆ ಅಥವಾ ಅಡಿಯಲ್ಲಿ ಇರುವ ಚೀಟಿ ಓದಿ. ಅಕ್ಷರ ಇರುವೆಯಷ್ಟು ಇರುತ್ತದೆ, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಇನ್‌ಪುಟ್ ಅಂತ ಇರುವ ಸಾಲಿನಲ್ಲಿ 100-240 ವೋಲ್ಟ್, 50/60 ಹರ್ಟ್ಜ್ ಅಂತಿದ್ದರೆ ಕಣ್ಣು ಮುಚ್ಚಿಕೊಂಡು ಒಯ್ಯಿರಿ, ಪಿನ್ನಿಗೆ ಅಡಾಪ್ಟರ್ ಹಾಕಿದರೆ ಸಾಕು. ಫೋನ್ ಚಾರ್ಜರ್, ಲ್ಯಾಪ್‌ಟಾಪ್ ಚಾರ್ಜರ್, ಕ್ಯಾಮೆರಾ ಚಾರ್ಜರ್ ಹೆಚ್ಚುಕಮ್ಮಿ ಎಲ್ಲವೂ ಹೀಗೇ ಇರುತ್ತವೆ. ಬರೀ 230 ವೋಲ್ಟ್, 50 ಹರ್ಟ್ಜ್ ಅಂತಲೋ 220-240 ಅಂತಲೋ ಇದ್ದರೆ ಅದನ್ನು ಮನೆಯಲ್ಲೇ ಬಿಡಿ. ಅಡಿಯಲ್ಲಿ ಔಟ್‌ಪುಟ್ ಅಂತ ಇನ್ನೊಂದು ಸಾಲು ಇರುತ್ತದೆ, 5 ವೋಲ್ಟೋ 19 ವೋಲ್ಟೋ ಏನೋ. ಅದನ್ನು ನೋಡಿ ಗಾಬರಿಯಾಗಬೇಡಿ. ಅದು ಫೋನಿಗೆ, ಲ್ಯಾಪ್‌ಟಾಪಿಗೆ ಹೋಗುವುದು, ಗೋಡೆಯಿಂದ ಬರುವುದಲ್ಲ.

ಹಾಟ್ ವಾಟರ್ ಬ್ಯಾಗಿನಂಥ ಕಾಯಿಸುವ ಸಾಮಾನಿನ ಲೆಕ್ಕ ಸ್ವಲ್ಪ ವಿಚಿತ್ರ. ವೋಲ್ಟೇಜು ಅರ್ಧಕ್ಕೆ ಇಳಿದರೆ ಶಾಖ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಬರುತ್ತದೆ. ಇಲ್ಲಿನ 1500 ವ್ಯಾಟಿನ ಕೆಟಲನ್ನು ಅಲ್ಲಿ ಹಾಕಿದರೆ ಸುಮಾರು 400 ವ್ಯಾಟ್ ಕೆಲಸ ಮಾಡುತ್ತದೆ. ಸುಟ್ಟುಹೋಗುವುದಿಲ್ಲ, ಆದರೆ ನೀರು ಕುದಿಯುವಷ್ಟರಲ್ಲಿ ಮಗು ಎರಡು ನಿದ್ದೆ ಮುಗಿಸಿರುತ್ತದೆ. ಅಪಾಯ ಇರುವುದು ಬರುವಾಗ. ಅಲ್ಲಿ ಕೊಂಡ 120 ವೋಲ್ಟಿನ ಸಾಮಾನನ್ನು ಇಲ್ಲಿ ಹಾಕಿದರೆ ಹೆಚ್ಚುಕಮ್ಮಿ ಮೂರೂವರೆ ಪಟ್ಟು ಶಾಖ. ಹೇರ್ ಡ್ರೈಯರ್ ಆದರೆ ಕೈಯಲ್ಲೇ ಹೊಗೆ. ಅಕ್ಕ ಪ್ರೀತಿಯಿಂದ ಕಾಫಿ ಮೇಕರ್ರೋ ಟೋಸ್ಟರ್ರೋ ಕೊಟ್ಟು ಕಳಿಸಿದರೆ ಅದರ ಚೀಟಿಯನ್ನೂ ಓದಿ.

ಇನ್ನು ಸ್ಟೆಬಿಲೈಸರ್. ಅಪ್ಪ ಕೇಳಿದ್ದು ದಡ್ಡ ಪ್ರಶ್ನೆ ಅಲ್ಲ, ಕೊಡಗಿನಲ್ಲಿ ಮನೆ ಇರುವ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆದರೆ ಅದು ಮಾಡುವುದು ಅಷ್ಟಿಷ್ಟು ಏರಿಳಿತವನ್ನು ಸರಿದೂಗಿಸುವ ಕೆಲಸ. ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಅಂತ ಅದರ ಮೇಲೆಯೇ ಬರೆದಿರುತ್ತದೆ. ಬರುವ ವೋಲ್ಟೇಜು ಅದಕ್ಕಿಂತ ಕೆಳಗಿದ್ದರೆ ಲೈನ್ ಕಟ್ ಮಾಡಿ ಸುಮ್ನೆ ಕೂರುತ್ತದೆ. 90ರಿಂದಲೇ ಹಿಡಿಯುವ ದೊಡ್ಡ ಸ್ಟೆಬಿಲೈಸರುಗಳೂ ಇವೆ, ಅವು ತೂಕದಲ್ಲಿ ನಿಮ್ಮ ಅಮ್ಮನ ಅರ್ಧ ಸೂಟ್‌ಕೇಸನ್ನು ತಿಂದುಬಿಡುತ್ತವೆ. ಮತ್ತೆ 60 ಹರ್ಟ್ಜನ್ನು 50 ಮಾಡಲು ಯಾವ ಸ್ಟೆಬಿಲೈಸರಿಗೂ ಬರುವುದಿಲ್ಲ.

ಸೋಮವಾರಪೇಟೆ ಅಕ್ಕ

ಮಿಕ್ಸಿ ವಿಷಯಕ್ಕೆ ನಾನು ಹೇಳ್ತೀನಿ, ಮಗಳ ಮನೆ ಅಲ್ಲೇ ಇರುವುದರಿಂದ ಆ ಅಡುಗೆಮನೆಯಲ್ಲಿ ನಿಂತು ರುಬ್ಬಿದವಳು ನಾನು.

ನಿಮ್ಮ ಅಮ್ಮನಿಗೆ ಮಿಕ್ಸಿ ಯಾಕೆ ಬೇಕು ಅಂತ ಗಂಡಸರಿಗೆ ಅರ್ಥವಾಗುವುದಿಲ್ಲ. ಅಲ್ಲಿನ ಬ್ಲೆಂಡರಿನಲ್ಲಿ ನೀರು ಹೊಯ್ದರೆ ಮಾತ್ರ ತಿರುಗುತ್ತದೆ, ಗಟ್ಟಿ ಚಟ್ನಿ ಅಂದರೆ ಬ್ಲೇಡಿನ ಸುತ್ತ ಗುಂಡಿಯಾಗಿ ಮೇಲಿನದು ಮೇಲೇ ನಿಲ್ಲುತ್ತದೆ, ಚಮಚ ಹಾಕಿ ಕೆದಕಿ ಕೆದಕಿ ಸಾಕಾಗುತ್ತದೆ. ತೆಂಗಿನಕಾಯಿ ನುಣ್ಣಗಾಗುವುದೇ ಇಲ್ಲ. ಬಾಣಂತಿಗೆ ಮೆಣಸು ಜೀರಿಗೆ ಪುಡಿ ಮಾಡಬೇಕು, ಅದಕ್ಕೆ ಡ್ರೈ ಜಾರು ಬೇಕೇ ಬೇಕು.

ಆದರೂ ಇಲ್ಲಿನ ಮಿಕ್ಸಿ ಒಯ್ಯಬೇಡಿ. 120 ವೋಲ್ಟಿಗೆ ಅದು ಮುಲುಗುತ್ತಾ ನಿಧಾನಕ್ಕೆ ತಿರುಗುತ್ತದೆ, ಒಳಗೆ ಗಟ್ಟಿ ಪದಾರ್ಥ ಇದ್ದರೆ ನಿಂತೇಬಿಡುತ್ತದೆ, ನಿಂತ ಮೇಲೂ ಸ್ವಿಚ್ಚು ಹಿಡಿದುಕೊಂಡಿದ್ದರೆ ಮೋಟಾರು ಬಿಸಿ. ನಮ್ಮವರೇ 110 ವೋಲ್ಟಿನ (ಅಲ್ಲಿನ 120ಕ್ಕೆ ಹೊಂದುವ) ಮಿಕ್ಸಿಯನ್ನು ಅಮೆರಿಕ, ಕೆನಡಾಕ್ಕೆಂದೇ ಮಾಡುತ್ತಾರೆ, ಪ್ರೀತಿ ಕಂಪನಿಯದು ಅಲ್ಲಿ ಎಷ್ಟೋ ಮನೆಗಳಲ್ಲಿದೆ. ಅಲ್ಟ್ರಾದ ಟೇಬಲ್ ಟಾಪ್ ಗ್ರೈಂಡರಿನಲ್ಲೂ 110 ವೋಲ್ಟಿನದು ಸಿಗುತ್ತದೆ. ನಿಮ್ಮ ಅಕ್ಕನಿಗೆ ಹೇಳಿ ಆರ್ಡರ್ ಹಾಕಿಸಿ, ಅಪ್ಪ ಅಮ್ಮ ಇಳಿಯುವಷ್ಟರಲ್ಲಿ ಮನೆಗೆ ಬಂದಿರುತ್ತದೆ. ವಾಪಸ್ ಬಂದ ಮೇಲೂ ಅವಳಿಗೆ ಉಳಿಯುತ್ತದೆ. ನೀವು ಉಳಿಸಿದ ತೂಕದಲ್ಲಿ ಕಾಫಿ ಪುಡಿ ಒಯ್ಯಿರಿ.

ಕಾಚಂಪುಳಿ (ನಮ್ಮ ಕಡೆ ಅಡುಗೆಗೆ ಹಾಕುವ ಹುಳಿ ರಸ) ಬಾಟಲಿ ಒಯ್ಯುವುದಿದ್ದರೆ ದೊಡ್ಡ ಸೂಟ್‌ಕೇಸಿನಲ್ಲಿ, ಎರಡು ಕವರ್ ಸುತ್ತಿ. ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಪ್ರಶ್ನೆಗೆ ಸಂಬಂಧ ಇಲ್ಲ, ಆದರೂ ಹೇಳಿದೆ.

ಟೆಕ್ಸಾಸಿನ ಕೊಡಗಿನವ

ಅಮೆರಿಕದಲ್ಲಿ 120 ಮಾತ್ರ ಅನ್ನುವುದು ಪೂರ್ತಿ ಸರಿಯಲ್ಲ. ಮನೆಗೆ ಬರುವ ಲೈನು 240ರದ್ದೇ, ಅದನ್ನು ಮಧ್ಯಕ್ಕೆ ಸೀಳಿ ಎರಡು 120 ಮಾಡಿರುತ್ತಾರೆ. ಬಟ್ಟೆ ಒಣಗಿಸುವ ಮೆಷಿನ್ನಿಗೆ, ಕರೆಂಟಿನ ಒಲೆಗೆ ಪೂರ್ತಿ 240 ಹೋಗುತ್ತದೆ. ಆ ಸಾಕೆಟ್ಟಿಗೆ ತಕ್ಕ ಪ್ಲಗ್ಗು ಮಾಡಿಸಿಕೊಂಡರೆ ಊರಿನ ಮಿಕ್ಸಿ ಆರಾಮಾಗಿ ಓಡುತ್ತದೆ. ಮಿಕ್ಸಿ ಮೋಟಾರು ಬ್ರಷ್ ಇರುವಂಥದ್ದು, ಅದಕ್ಕೆ 60 ಹರ್ಟ್ಜ್ ಆದರೂ ವ್ಯತ್ಯಾಸ ಇಲ್ಲ.

ವೈರಿಂಗ್ ಅಣ್ಣ, ಮಡಿಕೇರಿ

ಟೆಕ್ಸಾಸಿನವರೇ, ಲೆಕ್ಕ ಸರಿ, ಸಲಹೆ ಬೇಡ. ಡ್ರೈಯರ್ ಲೈನಿಗೆ ಸಾಮಾನ್ಯವಾಗಿ 30 ಆಂಪಿಯರಿನ ಬ್ರೇಕರ್ ಇರುತ್ತದೆ. ಮಿಕ್ಸಿಯ ತೆಳ್ಳನೆ ವೈರು ಒಳಗೆ ಶಾರ್ಟ್ ಆಗಿ ಬಿಸಿಯಾಗುತ್ತಿದ್ದರೂ ಅಷ್ಟು ದೊಡ್ಡ ಬ್ರೇಕರಿಗೆ ಬೇಗ ಗೊತ್ತಾಗುವುದಿಲ್ಲ. ಮರದ ಮನೆ, ಪುಟ್ಟ ಮಗು ಇರುವ ಮನೆ, ಬಾಡಿಗೆ ಮನೆಯಾದರೆ ಇನ್ನೂ ಕಷ್ಟ. ಚಟ್ನಿಗೋಸ್ಕರ ಬಟ್ಟೆ ಒಗೆಯುವ ಕೋಣೆಗೆ ಹೋಗಿ ನಿಲ್ಲುವುದೂ ಬೇಡ.

ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಇಟ್ಟು 120ನ್ನು 230 ಮಾಡಿಕೊಳ್ಳುವವರೂ ಇದ್ದಾರೆ. 750 ವ್ಯಾಟಿನ ಮಿಕ್ಸಿ ಶುರುವಾಗುವಾಗ ಜಾಸ್ತಿ ಎಳೆಯುತ್ತದೆ, ಅದಕ್ಕೆ 1500 ವ್ಯಾಟಿನದಾದರೂ ಬೇಕು. ಒಳಗೆ ಇರುವುದು ಕಬ್ಬಿಣ, ತಾಮ್ರ, ಭಾರ ಅಂದರೆ ಭಾರ. ಆ ದುಡ್ಡಿಗೆ 110 ವೋಲ್ಟಿನ ಮಿಕ್ಸಿಯ ಹತ್ತಿರ ಹತ್ತಿರ ಬಂದುಬಿಡುತ್ತೀರಿ. ಇನ್ನೊಂದು ಜಾತಿ ಇದೆ, ಅಂಗೈಯಷ್ಟಗಲದ ಹಗುರ ಡಬ್ಬಿ, 230ನ್ನು 110 ಮಾಡುವಂಥದ್ದು, ಮೇಲೆ ಮಾತ್ರ 1600 ವ್ಯಾಟ್, 2000 ವ್ಯಾಟ್ ಅಂತ ಬರೆದಿರುತ್ತದೆ. ಅದು ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರಿನಂಥ ಬರೀ ಬಿಸಿ ಮಾಡುವ ಸಾಮಾನಿಗೆ ಸ್ವಲ್ಪ ಹೊತ್ತು ಹಾಕುವಂಥದ್ದು. ಚಾರ್ಜರ್, ಮೆಡಿಕಲ್ ಸಾಮಾನು ಅದಕ್ಕೆ ಹಾಕಬಾರದು, ಅದರಿಂದ ಹೊರಬರುವ ಕರೆಂಟಿನ ಅಲೆ ಕತ್ತರಿಸಿ ತುಂಡಾದಂಥದ್ದು.

ಗ್ರೈಂಡರಿನ ಮೋಟಾರು ಬೇರೆ ಥರದ್ದು, ಇಂಡಕ್ಷನ್. ಟ್ರಾನ್ಸ್‌ಫಾರ್ಮರ್ ಇಟ್ಟರೂ 60 ಹರ್ಟ್ಜಿಗೆ ಅದು ಐದರಲ್ಲಿ ಒಂದು ಪಾಲು ಜಾಸ್ತಿ ಸ್ಪೀಡಿನಲ್ಲಿ ಓಡುತ್ತದೆ.

ದೋಹಾದಿಂದ ನಾಪೋಕ್ಲು

ಲಂಡನ್ನಿನ ಪಿನ್ನಿಗೆ ನಾನು ಹೇಳಬಹುದು, ಗಲ್ಫಿನಲ್ಲಿ ನಮಗೂ ಅದೇ ಸಾಕೆಟ್ಟು. ಮೂರು ದಪ್ಪ ಚಪ್ಪಟೆ ಪಿನ್ನು, ಟೈಪ್ ಜಿ ಅಂತ ಹೆಸರು. ಸಿಂಗಾಪುರ, ಮಲೇಷ್ಯಾದಲ್ಲೂ ಇದೇ. ಕಣ್ಣೂರು ಏರ್‌ಪೋರ್ಟಿನಿಂದ ಹತ್ತುವ ನಮ್ಮ ಕಡೆಯ ಹುಡುಗರ ಚೀಲದಲ್ಲೆಲ್ಲ ಇದರ ಅಡಾಪ್ಟರ್ ಒಂದು ಇದ್ದೇ ಇರುತ್ತದೆ. ಅಲ್ಲಿ ಚಿಕ್ಕಪ್ಪನ ಮಗ ಇದ್ದಾನಲ್ಲ, ಅವನ ಹತ್ತಿರ ಇರುತ್ತದೆ. ಒಂದು ವಾರಕ್ಕೆ ಕೊಳ್ಳಬೇಡಿ, ಕೇಳಿ ನೋಡಿ.

ಒಂದು ಮಾತು. ಆ ಸಾಕೆಟ್ಟಿನ ಕೆಳಗಿನ ಎರಡು ತೂತಿಗೆ ಒಳಗಿನಿಂದ ಮುಚ್ಚಳ ಇರುತ್ತದೆ. ಮೇಲಿನ ಉದ್ದ ಅರ್ಥಿಂಗ್ ಪಿನ್ನು ಒಳಗೆ ಹೋದರೆ ಮಾತ್ರ ತೆರೆಯುತ್ತದೆ. ನಮ್ಮವರು ಏನು ಮಾಡುತ್ತಾರೆ ಅಂದರೆ, ಮೇಲಿನ ತೂತಿಗೆ ಪೆನ್ನು ತುರುಕಿ ಮುಚ್ಚಳ ತೆರೆದು ಎರಡು ಪಿನ್ನಿನ ಚಾರ್ಜರ್ ಒತ್ತುತ್ತಾರೆ. ರೂಮಿನಲ್ಲಿ ಎಷ್ಟೋ ಸಾಕೆಟ್ಟಿನಲ್ಲಿ ಪೆನ್ನಿನ ಕ್ಯಾಪು ಮುರಿದು ಸಿಕ್ಕಿಕೊಂಡಿರುವುದನ್ನು ನೋಡಿದ್ದೇನೆ. ನಿಮ್ಮ ಅಪ್ಪನಿಗೆ ಮೊದಲೇ ಹೇಳಿಬಿಡಿ, ಟಾರ್ಚು ಒಯ್ಯುವವರು ಟೆಸ್ಟರನ್ನೂ ಒಯ್ಯುತ್ತಾರೆ.

ಲಂಡನ್ನಿನ ಬಚ್ಚಲಿನಲ್ಲಿ ಎರಡು ಪಿನ್ನಿನ ಸಣ್ಣ ಸಾಕೆಟ್ಟು ಕಂಡರೆ ಅದು ಶೇವರಿಗೆ ಮಾತ್ರ. ಬೇರೆ ಏನೂ ಹಾಕಬಾರದು.

ಪೊನ್ನಂಪೇಟೆಯಿಂದ

ದೋಹಾ ಅಣ್ಣಾ, ಟೆಸ್ಟರ್ ಈಗಾಗಲೇ ಸೂಟ್‌ಕೇಸಿನಲ್ಲಿದೆ. ಈಗ ತೆಗೆಸಿದೆ.

ಚೀಟಿ ಓದಿದೆವು. ಫೋನು, ಲ್ಯಾಪ್‌ಟಾಪ್, ಟ್ರಿಮ್ಮರ್ 100-240. ಮಿಕ್ಸಿ 230. ಹಾಟ್ ವಾಟರ್ ಬ್ಯಾಗು 220-240. ನೆಬ್ಯುಲೈಸರಿನ ಅಡಿಯಲ್ಲಿ 230 ವೋಲ್ಟ್, 50 ಹರ್ಟ್ಜ್ ಅಂತಿದೆ. ಅಮ್ಮನ ಮುಖ ಸಪ್ಪಗಾಗಿದೆ. ಮಿಕ್ಸಿಗೆ ಬೇಗ ಒಪ್ಪಿದರು, ಇದಕ್ಕೆ ಒಪ್ಪುತ್ತಿಲ್ಲ. ಏನಾದರೂ ದಾರಿ ಇದೆಯಾ?

ಔಷಧಿ ಅಂಗಡಿ, ಕುಶಾಲನಗರ

ಕಂಪ್ರೆಸರ್ ಇರುವ ನೆಬ್ಯುಲೈಸರ್ ಇಲ್ಲಿ ಮಾರುವುದು ಹೆಚ್ಚಾಗಿ 230/50ರದ್ದೇ. ಒಳಗಿನ ಪಂಪು ನೇರ ಮೇನ್ಸ್ ಕರೆಂಟಿನಲ್ಲೇ ಓಡುತ್ತದೆ. 120ಕ್ಕೆ ಹಾಕಿದರೆ ಗಾಳಿಯ ಒತ್ತಡ ಬರುವುದಿಲ್ಲ, ಔಷಧಿ ಸರಿಯಾಗಿ ಮಂಜಾಗುವುದಿಲ್ಲ. ಉಬ್ಬಸ ಬಂದ ರಾತ್ರಿ ಅದನ್ನು ನಂಬಿಕೊಂಡು ಕೂರುವುದು ಸರಿಯಲ್ಲ.

ದಾರಿ ಇದೆ. ಕೈಯಲ್ಲಿ ಹಿಡಿಯುವ ಮೆಶ್ ನೆಬ್ಯುಲೈಸರ್ ಅಂತ ಬರುತ್ತದೆ, ಸೆಲ್ಲಿನಲ್ಲೋ ಯುಎಸ್‌ಬಿಯಲ್ಲೋ ನಡೆಯುತ್ತದೆ, ಯಾವ ದೇಶದ ವೋಲ್ಟೇಜೂ ಅದಕ್ಕೆ ಸಂಬಂಧ ಇಲ್ಲ. ಎಲ್ಲ ಔಷಧಿಯೂ ಅದರಲ್ಲಿ ಹಾಕಲು ಆಗುವುದಿಲ್ಲ, ಅದಕ್ಕೆ ಕೊಳ್ಳುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಎಷ್ಟೋ ಜನರಿಗೆ ಸ್ಪೇಸರ್ (ಇನ್ಹೇಲರಿನ ಬಾಯಿಗೆ ಸಿಕ್ಕಿಸುವ ಕೊಳವೆ) ಹಾಕಿ ಇನ್ಹೇಲರ್ ತೆಗೆದುಕೊಂಡರೂ ಸಾಕಾಗುತ್ತದೆ, ಅದನ್ನೂ ಅವರೇ ಹೇಳಬೇಕು. ಹೊರಡುವ ಹಿಂದಿನ ದಿನ ಅಲ್ಲ, ಈಗಲೇ ಹೋಗಿ. ಹೊಸದನ್ನು ಇಲ್ಲೇ ಬಳಸಿ ನೋಡಿ ಅಭ್ಯಾಸ ಆಗಬೇಕು.

ಔಷಧಿ, ಇನ್ಹೇಲರ್, ಡಾಕ್ಟರ ಚೀಟಿ ಎಲ್ಲ ಕೈಚೀಲದಲ್ಲಿ ಇರಲಿ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಕೈಬರಹ ಅಲ್ಲಿ ಯಾರಿಗೂ ಓದಲು ಬರುವುದಿಲ್ಲ. ಇಲ್ಲಿಯೂ ನಮಗೆ ಮಾತ್ರ ಬರುತ್ತದೆ ಅನ್ನಿ.

ಗೊರಕೆಗೆ ರಾತ್ರಿ ಹಾಕಿಕೊಳ್ಳುವ ಸಿಪ್ಯಾಪ್ ಮೆಷಿನ್ ಇರುವವರು ಹೆದರಬೇಕಿಲ್ಲ. ಸಾಮಾನ್ಯವಾಗಿ 100-240 ಇರುತ್ತದೆ, ಆದರೂ ಓದಿ ನೋಡಿ.

ಮೊಣಕಾಲಿಗೆ ಅಲ್ಲಿ ಹೀಟಿಂಗ್ ಪ್ಯಾಡ್ ಯಾವ ಮೆಡಿಕಲ್ಲಿನಲ್ಲೂ ಸಿಗುತ್ತದೆ. ಬಿಸಿನೀರು ತುಂಬುವ ರಬ್ಬರ್ ಚೀಲ ಒಯ್ದರೂ ಆಯ್ತು, ಅದಕ್ಕೆ ಪ್ಲಗ್ಗೇ ಬೇಡ.

ಟೆಕ್ಸಾಸಿನ ಕೊಡಗಿನವ

ಸರಿ, ಡ್ರೈಯರ್ ವಿಷಯ ಬಿಟ್ಟೆ. ಉಪಯೋಗಕ್ಕೆ ಬರುವುದು ಹೇಳ್ತೀನಿ.

ಲ್ಯಾಪ್‌ಟಾಪಿನ ಚಾರ್ಜರ್ ಡಬ್ಬಿಯಿಂದ ಗೋಡೆಗೆ ಹೋಗುವ ವೈರು ಕಳಚಲು ಬರುತ್ತದೆ, ನೋಡಿ. ಆ ತುದಿ ಎಲ್ಲ ದೇಶದಲ್ಲೂ ಒಂದೇ. ಅಕ್ಕನ ಮನೆಯಲ್ಲಿ ಅಂಥ ವೈರು ಒಂದಾದರೂ ಇರುತ್ತದೆ, ಅದನ್ನು ಸಿಕ್ಕಿಸಿದರೆ ಅಡಾಪ್ಟರೇ ಬೇಡ. ಫೋನಿಗೂ ಅಷ್ಟೇ, ಯುಎಸ್‌ಬಿ ವೈರು ಒಯ್ದರೆ ಅಲ್ಲಿನ ಚಾರ್ಜರ್ ಸಾಕು. ಅಡಾಪ್ಟರ್ ಕೊಳ್ಳುವುದಿದ್ದರೆ ಮೂರು ಪಿನ್ನಿನದು ಕೊಳ್ಳಿ, ಅರ್ಥಿಂಗ್ ಇರುವಂಥದ್ದು. ಎರಡು ಪಿನ್ನಿನ ಅಗ್ಗದ್ದರಲ್ಲಿ ಹಾಕಿದರೆ ಕೆಲವು ಲೋಹದ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ. ಇಲ್ಲಿನ ಹಳೇ ಮನೆಗಳ ಸಾಕೆಟ್ಟು ಸಡಿಲ ಬೇರೆ, ದೊಡ್ಡ ಯೂನಿವರ್ಸಲ್ ಅಡಾಪ್ಟರ್ ಸಿಕ್ಕಿಸಿದರೆ ಭಾರಕ್ಕೆ ಬಾಗಿ ಕಳಚಿ ಬೀಳುತ್ತದೆ.

ಸಾಕೆಟ್ಟಿನ ಪಕ್ಕ ಸ್ವಿಚ್ಚು ಇರುವುದಿಲ್ಲ, ಅಪ್ಪ ಹುಡುಕುತ್ತಾರೆ. ಮತ್ತೆ ರೂಮಿನಲ್ಲಿ ಒಂದೆರಡು ಸಾಕೆಟ್ಟಿಗೆ ಬಾಗಿಲ ಪಕ್ಕದ ಲೈಟ್ ಸ್ವಿಚ್ಚಿನ ಸಂಪರ್ಕ ಇರಬಹುದು, ಟೇಬಲ್ ಲ್ಯಾಂಪ್ ಹಾಕಲಿ ಅಂತ. ರಾತ್ರಿ ಲೈಟ್ ಆರಿಸಿ ಮಲಗಿದರೆ ಬೆಳಿಗ್ಗೆ ಫೋನು ಸತ್ತಿರುತ್ತದೆ. ಚಾರ್ಜರ್ ಕೆಟ್ಟಿದೆ ಅಂತ ಹೊಸದು ಕೊಳ್ಳುವ ಮೊದಲು ಆ ಸ್ವಿಚ್ಚು ಹಾಕಿ ನೋಡಿ. ಬಚ್ಚಲಿನ, ಅಡುಗೆಮನೆಯ ಸಾಕೆಟ್ಟಿನ ಮಧ್ಯೆ ಎರಡು ಪುಟ್ಟ ಗುಂಡಿ ಇರುತ್ತವೆ. ಕರೆಂಟು ಹೋದರೆ ರೀಸೆಟ್ ಗುಂಡಿ ಒತ್ತಬೇಕು.

ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. 100 ವ್ಯಾಟ್ ಅವರ್‌ವರೆಗೆ ಕೇಳುವುದಿಲ್ಲ, ಈಗ ಎಲ್ಲರ ಹತ್ತಿರ ಇರುವ 20000 ಎಂಎಎಚ್‌ನದ್ದು ಸುಮಾರು 74 ವ್ಯಾಟ್ ಅವರ್ ಬರುತ್ತದೆ.

ಹಾಕಿ ಅಪ್ಪ, ಅಮ್ಮತ್ತಿ

ಮಧ್ಯೆ ಬಾಯಿ ಹಾಕ್ತಿದ್ದೀನಿ. ಮಗ ಹಾಕಿ ತಂಡದ ಜೊತೆ ಜಪಾನಿಗೆ ಹೋಗುತ್ತಿದ್ದಾನೆ. ಅಲ್ಲಿಗೂ ಅಮೆರಿಕದ ಅಡಾಪ್ಟರೇನಾ?

ವೈರಿಂಗ್ ಅಣ್ಣ, ಮಡಿಕೇರಿ

ಹೌದು, ಎರಡು ಚಪ್ಪಟೆ ಪಿನ್ನು. ಆದರೆ ಅಲ್ಲಿ ಮೂರನೇ ತೂತು ಇಲ್ಲದ ಸಾಕೆಟ್ಟೇ ಜಾಸ್ತಿ, ಅದಕ್ಕೆ ಎರಡು ಪಿನ್ನಿನ ಅಡಾಪ್ಟರೇ ಕೊಡಿ. ವೋಲ್ಟೇಜು ಇನ್ನೂ ಕಮ್ಮಿ, 100. ತಮಾಷೆ ಏನೆಂದರೆ ಟೋಕಿಯೋ ಕಡೆ 50 ಹರ್ಟ್ಜ್, ಒಸಾಕಾ ಕಡೆ 60. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಒಂದು ಕಡೆಯವರು ಜರ್ಮನಿಯಿಂದ, ಇನ್ನೊಂದು ಕಡೆಯವರು ಅಮೆರಿಕದಿಂದ ಜನರೇಟರ್ ತರಿಸಿದರು, ಇವತ್ತಿಗೂ ದೇಶ ಹಾಗೇ ಎರಡು ಪಾಲಾಗಿದೆ. ಫೋನ್ ಚಾರ್ಜರಿಗೆ ಏನೂ ಆಗುವುದಿಲ್ಲ.

ನಮ್ಮ ಪಿನ್ನಿನ ಕಥೆಯೂ ಹೀಗೇ. ನಾವು ಬಳಸುವ ಮೂರು ಗುಂಡು ಪಿನ್ನು ಹಳೇ ಬ್ರಿಟಿಷ್ ಪ್ಲಗ್ಗು. ಅವರು 1947ರಲ್ಲಿ ಹೊಸ ಚಪ್ಪಟೆ ಪಿನ್ನಿನ ಸ್ಟ್ಯಾಂಡರ್ಡ್ ತಂದು ಅದಕ್ಕೆ ಹೋದರು, ನಾವು ಹಳೆಯದರಲ್ಲೇ ಉಳಿದೆವು.

ಇನ್ನೊಂದು, ಊರಿಗೆ ಬರುವ ಅಕ್ಕಂದಿರು ಅಮೆರಿಕದ ಎಕ್ಸ್‌ಟೆನ್ಷನ್ ಬಾಕ್ಸ್ ತಂದು ಇಲ್ಲಿ ಹಾಕುತ್ತಾರೆ. ಸರ್ಜ್ (ದಿಢೀರನೆ ಏರುವ ವೋಲ್ಟೇಜು) ತಡೆಯುವ ಬಾಕ್ಸ್ ಆದರೆ ಒಳಗೆ ಇರುವುದು 120ಕ್ಕೆ ಲೆಕ್ಕ ಹಾಕಿದ ಸಾಮಾನು, 230 ಕೊಟ್ಟರೆ ಢಬ್ ಅಂತ ಹೋಗುತ್ತದೆ. ಇಲ್ಲಿನ ಸಾದಾ ಬಾಕ್ಸನ್ನು ಒಂದು ಅಡಾಪ್ಟರಿಗೆ ಸಿಕ್ಕಿಸಿ ಅಲ್ಲಿ ಫೋನುಗಳಿಗೆಲ್ಲ ಬಳಸಬಹುದು, ಅದಕ್ಕೆ ತೊಂದರೆ ಇಲ್ಲ. ಹೀಟರ್, ಇಸ್ತ್ರಿಪೆಟ್ಟಿಗೆ ಅದಕ್ಕೆ ಹಾಕಬೇಡಿ ಅಷ್ಟೇ.

ಪೊನ್ನಂಪೇಟೆಯಿಂದ

ಎಲ್ಲರಿಗೂ ಥ್ಯಾಂಕ್ಸ್. ನಾಳೆ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅಕ್ಕ 110 ವೋಲ್ಟಿನ ಮಿಕ್ಸಿ ಹುಡುಕುತ್ತಿದ್ದಾಳೆ. ಉಳಿದಿರುವುದು ಟಾರ್ಚು. ಹಿಂದೆ ಮಡಚಿ ಬಿಚ್ಚುವ ಎರಡು ಪಿನ್ನು ಇದೆ, ಚೀಟಿ ಉಜ್ಜಿ ಹೋಗಿದೆ, 2 ಅನ್ನುವುದು ಮಾತ್ರ ಕಾಣುತ್ತದೆ.

ವೈರಿಂಗ್ ಅಣ್ಣ, ಮಡಿಕೇರಿ

ಅಂಥ ಟಾರ್ಚಿನಲ್ಲಿ ಚಾರ್ಜರ್ ಅಂತ ಬೇರೆ ಇರುವುದಿಲ್ಲ, ಒಂದು ಕೆಪಾಸಿಟರ್ ಇಟ್ಟು 230ನ್ನು ಇಳಿಸಿಕೊಂಡಿರುತ್ತಾರೆ. ಅಲ್ಲಿ ಹಾಕಿದರೆ ಬೆಳಗಾದರೂ ತುಂಬುವುದಿಲ್ಲ. ಚೀಟಿ ಓದಲು ಬಾರದ ಸಾಮಾನನ್ನು ಒಯ್ಯುವುದೇ ಬೇಡ. ಅಪ್ಪನಿಗೆ ಯುಎಸ್‌ಬಿಯಲ್ಲಿ ಚಾರ್ಜ್ ಆಗುವ ಸಣ್ಣ ಟಾರ್ಚು ಕೊಡಿಸಿ. ದೊಡ್ಡದು ನಿಮಗೇ ಬೇಕಾಗುತ್ತದೆ, ಅವರು ಬರುವವರೆಗೆ ತೋಟ ನೋಡುವವರು ನೀವೇ ಅಲ್ವಾ.